ಟಿಬಿಯ ಮಾತ್ರೆಯನ್ನೇ ನುಂಗದವರಲ್ಲಿ ರಿಫಾಂಪಿಸಿನ್‌ಗೆ ಬಗ್ಗದ ರೋಗಾಣು ಬಂದದ್ದು ಹೇಗೆ?

ಶಿಕ್ಷಕಿ, ಸಕಲೇಶಪುರ

ಎಲ್ಲರಿಗೂ ನಮಸ್ಕಾರ. ನಮ್ಮ ಊರಿನ ಪಕ್ಕದ ಕಾಫಿ ತೋಟವೊಂದರಲ್ಲಿ ರೈಟರ್, ಅಂದರೆ ತೋಟದ ಲೆಕ್ಕ ಬರೆಯುವ ಗುಮಾಸ್ತ, ಆಗಿರುವವರೊಬ್ಬರಿಗೆ ಮಳೆಗಾಲ ಮುಗಿದರೂ ಕೆಮ್ಮು ಬಿಡಲಿಲ್ಲ. ತೂಕ ಇಳಿಯಿತು, ಸಂಜೆಯಾದರೆ ಜ್ವರ ಕಾಣಿಸಿಕೊಳ್ಳುತ್ತಿತ್ತು. ಔಷಧ ಅಂಗಡಿಯ ಅಮಾಕ್ಸಿಸಿಲಿನ್, ಆಮೇಲೆ ಅಜಿತ್ರೋಮೈಸಿನ್, ಎರಡೂ ಆದವು. ಕೊನೆಗೆ ಆಶಾ ಕಾರ್ಯಕರ್ತೆಯ ಒತ್ತಾಯಕ್ಕೆ ಕಫ ಪರೀಕ್ಷೆ ಮಾಡಿಸಿದಾಗ ಕ್ಷಯ ಎಂದು ಬಂತು, ಅದರ ಕೆಳಗಿನ ಸಾಲಿನಲ್ಲಿ ರಿಫಾಂಪಿಸಿನ್ ನಿರೋಧಕತೆ ಪತ್ತೆಯಾಗಿದೆ ಎಂದೂ ಇತ್ತು, ಅಂದರೆ ಟಿಬಿಯ ಮುಖ್ಯ ಔಷಧವೊಂದಕ್ಕೆ ಆ ರೋಗಾಣು ಬಗ್ಗದು.

ಅವರು ಇದುವರೆಗೆ ಟಿಬಿಯ ಒಂದು ಮಾತ್ರೆಯನ್ನೂ ನುಂಗಿದವರಲ್ಲ. ಆದರೂ ಹಿಂದೆ ಎಲ್ಲೋ ಗುಟ್ಟಾಗಿ ಔಷಧ ಶುರು ಮಾಡಿ ಅರ್ಧಕ್ಕೆ ಬಿಟ್ಟಿರಬೇಕು ಎಂಬ ಮಾತು ತೋಟದ ಕಾರ್ಮಿಕರ ಲೈನ್ ಮನೆಗಳಲ್ಲೆಲ್ಲ ಹಬ್ಬಿದೆ. ಅವರ ಹೆಂಡತಿಯೇ ಅನುಮಾನದಿಂದ ಕೇಳುವಂತಾಗಿದೆ. ಔಷಧವನ್ನೇ ಕಾಣದ ದೇಹದೊಳಗಿನ ರೋಗಾಣು ಆ ಔಷಧವನ್ನು ಎದುರಿಸಲು ಕಲಿತದ್ದು ಹೇಗೆ? ತಿಳಿದವರು ವಿವರವಾಗಿ ಬರೆದರೆ ಅದನ್ನು ಆ ಕುಟುಂಬಕ್ಕೆ ಓದಿ ಹೇಳುತ್ತೇನೆ.

ಬೆಳೆಗಾರ, ಬೇಲೂರು

ಮೇಡಂ, ಬೇಸರಪಟ್ಟುಕೊಳ್ಳಬೇಡಿ, ಆದರೆ ಜನ ಹೇಳುವುದರಲ್ಲಿ ಹುರುಳಿಲ್ಲದಿಲ್ಲ. ಎರಡು ತಿಂಗಳು ಮಾತ್ರೆ ನುಂಗಿ ಕೆಮ್ಮು ನಿಂತ ಕೂಡಲೇ ಬಿಟ್ಟುಬಿಡುವವರನ್ನು ನಮ್ಮ ತೋಟದಲ್ಲೂ ಕಂಡಿದ್ದೇನೆ. ಔಷಧಕ್ಕೆ ಬಗ್ಗದ ಟಿಬಿ ಹುಟ್ಟುವುದು ರೋಗಿಯ ಅಶಿಸ್ತಿನಿಂದಲೇ ಅಲ್ಲವೇ?

ಸೂಕ್ಷ್ಮಜೀವಿ ಶಾಸ್ತ್ರದ ಉಪನ್ಯಾಸಕಿ, ಹಾಸನ

ಅಲ್ಲ ಸರ್. ಈ ಒಂದು ತಪ್ಪು ತಿಳಿವಳಿಕೆಯಿಂದ ರೋಗಿಗಳು ಅನುಭವಿಸುವ ಅವಮಾನ ಅಷ್ಟಿಷ್ಟಲ್ಲ, ಆದ್ದರಿಂದ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ.

ರೋಗಾಣು ಔಷಧವನ್ನು ನೋಡಿ ಏನನ್ನೂ ಕಲಿಯುವುದಿಲ್ಲ. ಅದು ತನ್ನ ಡಿಎನ್‌ಎಯನ್ನು ನಕಲು ಮಾಡಿಕೊಳ್ಳುವಾಗ ಅಪರೂಪಕ್ಕೊಮ್ಮೆ ತಪ್ಪುಗಳಾಗುತ್ತವೆ, ಔಷಧ ಇರಲಿ ಇಲ್ಲದಿರಲಿ ಅವು ಆಗುತ್ತಲೇ ಇರುತ್ತವೆ. ಅಂಥ ತಪ್ಪುಗಳಲ್ಲಿ ಕೆಲವು ರೋಗಾಣುವನ್ನು ಒಂದು ನಿರ್ದಿಷ್ಟ ಔಷಧದಿಂದ ಪಾರು ಮಾಡುವಂಥವು. ಸ್ಥೂಲವಾಗಿ ಹೇಳುವುದಾದರೆ, ಟಿಬಿಯ ಇನ್ನೊಂದು ಮುಖ್ಯ ಔಷಧವಾದ ಐಸೋನಿಯಾಜಿಡ್‌ಗೆ ಬಗ್ಗದ ರೋಗಾಣು ಹತ್ತು ಲಕ್ಷದಲ್ಲಿ ಒಂದು, ರಿಫಾಂಪಿಸಿನ್‌ಗೆ ಬಗ್ಗದ್ದು ಹತ್ತು ಕೋಟಿಯಲ್ಲಿ ಒಂದು. ಶ್ವಾಸಕೋಶದಲ್ಲಿ ಕುಳಿ ಬಿದ್ದ ರೋಗಿಯಲ್ಲಿ ಹತ್ತು ಕೋಟಿಗೂ ಹೆಚ್ಚು ರೋಗಾಣುಗಳಿರಬಹುದು. ಅಂದರೆ ಮೊದಲ ಮಾತ್ರೆ ನುಂಗುವ ಮುನ್ನವೇ, ಐಸೋನಿಯಾಜಿಡ್‌ಗೆ ಜಗ್ಗದ ನೂರಾರು ರೋಗಾಣುಗಳು ಅಲ್ಲಿ ಇದ್ದೇ ಇರುತ್ತವೆ. ಆ ಒಂದೇ ಔಷಧ ಕೊಟ್ಟರೆ ಉಳಿದವೆಲ್ಲ ಸತ್ತು, ಜಾಗವೆಲ್ಲ ಈ ನೂರರ ಸಂತಾನಕ್ಕೆ ಸಿಗುತ್ತದೆ. ಎರಡೂ ಔಷಧಗಳನ್ನು ಒಟ್ಟಿಗೆ ಕೊಟ್ಟಾಗ, ಎರಡಕ್ಕೂ ಜಗ್ಗದ ರೋಗಾಣು ಇರುವ ಸಾಧ್ಯತೆ ಒಂದು ಕೋಟಿ ಕೋಟಿಯಲ್ಲಿ ಒಂದಕ್ಕೆ ಇಳಿಯುತ್ತದೆ, ಅಷ್ಟು ರೋಗಾಣುಗಳು ಯಾವ ರೋಗಿಯ ದೇಹದಲ್ಲೂ ಇರುವುದಿಲ್ಲ. ಟಿಬಿಗೆ ಏಕಕಾಲಕ್ಕೆ ನಾಲ್ಕು ಔಷಧ ಕೊಡುವುದಕ್ಕೆ ಈ ಲೆಕ್ಕವೇ ಆಧಾರ.

ಇನ್ನು ಶಿಕ್ಷಕಿಯವರ ಪ್ರಶ್ನೆ. ಬೇರೆ ಯಾರದೋ ದೇಹದಲ್ಲಿ ಹೀಗೆ ಆಯ್ದುಕೊಂಡು ಉಳಿದ ನಿರೋಧಕ ರೋಗಾಣು, ಅವರು ಕೆಮ್ಮಿದಾಗ ಗಾಳಿಗೆ ಸೇರಿ, ಮತ್ತೊಬ್ಬರ ಶ್ವಾಸಕೋಶವನ್ನು ಹೊಕ್ಕರೆ, ಅಲ್ಲಿ ಮೊದಲ ದಿನದಿಂದಲೇ ನಿರೋಧಕ ಟಿಬಿ ಇರುತ್ತದೆ. ಆ ರೈಟರ್ ಯಾವ ತಪ್ಪನ್ನೂ ಮಾಡಿಲ್ಲ, ಅವರು ಉಸಿರಾಡಿದರು, ಅಷ್ಟೇ.

ಆಶಾ ಕಾರ್ಯಕರ್ತೆ, ಹೆತ್ತೂರು ಹೋಬಳಿ

ಮೇಡಂ ಬರೆದ ಕೊನೆಯ ಸಾಲನ್ನು ದೊಡ್ಡ ಅಕ್ಷರದಲ್ಲಿ ಬರೆಸಿ ಪ್ರತಿ ಲೈನ್ ಮನೆಯ ಗೋಡೆಗೂ ಅಂಟಿಸಬೇಕು.

ಬೆಳೆಗಾರ, ಬೇಲೂರು

ಹರಡುತ್ತದೆ ಎಂಬುದನ್ನು ಒಪ್ಪುತ್ತೇನೆ. ಆದರೆ ಹರಡಿದವರು ಯಾರು? ಎಲ್ಲೋ ಒಬ್ಬರು ಮಾತ್ರೆ ಬಿಟ್ಟಿರಲೇಬೇಕಲ್ಲ. ಇನ್ನೂ ಒಂದು ಮಾತು: ನಿರೋಧಕ ರೋಗಾಣು ದುರ್ಬಲವಾಗಿರುತ್ತದೆ, ಸುಲಭಕ್ಕೆ ಹರಡುವುದಿಲ್ಲ ಎಂದು ಓದಿದ ನೆನಪು. ಹಾಗಿದ್ದರೆ ಹರಡುವಿಕೆಗೆ ಇಷ್ಟು ಮಹತ್ವ ಕೊಡುವುದು ಸರಿಯೇ?

ನಿವೃತ್ತ ವೈದ್ಯ, ಹೊಳೆನರಸೀಪುರ

ಅಂಕಿ ಅಂಶದಿಂದಲೇ ಉತ್ತರಿಸುತ್ತೇನೆ. 2014ರಿಂದ 2016ರವರೆಗೆ ದೇಶದಾದ್ಯಂತ ನಡೆದ ಔಷಧ ನಿರೋಧಕತೆಯ ಸಮೀಕ್ಷೆಯಲ್ಲಿ, ಐಸೋನಿಯಾಜಿಡ್ ಮತ್ತು ರಿಫಾಂಪಿಸಿನ್ ಎರಡಕ್ಕೂ ಬಗ್ಗದ ಟಿಬಿ, ಅಂದರೆ ಎಂಡಿಆರ್, ಹಿಂದೆ ಚಿಕಿತ್ಸೆ ಪಡೆದವರಲ್ಲಿ ಶೇ. 11.6ರಷ್ಟು, ಹೊಸ ರೋಗಿಗಳಲ್ಲಿ ಶೇ. 2.8ರಷ್ಟು ಕಂಡುಬಂತು. ಮೊದಲ ಅಂಕಿಯನ್ನು ಮಾತ್ರ ನೋಡಿದರೆ ನಿಮ್ಮ ವಾದ ಸರಿ ಎನಿಸುತ್ತದೆ. ಆದರೆ ಹೊಸ ರೋಗಿಗಳ ಸಂಖ್ಯೆ ಹಳಬರಿಗಿಂತ ಎಷ್ಟೋ ಪಟ್ಟು ಹೆಚ್ಚು, ಆದ್ದರಿಂದ ಶೇಕಡಾವಾರು ಚಿಕ್ಕದಾಗಿದ್ದರೂ ತಲೆ ಎಣಿಸಿದಾಗ ಆ ಗುಂಪು ಚಿಕ್ಕದಲ್ಲ. ಅವರೆಲ್ಲ ನಿರೋಧಕ ರೋಗಾಣುವನ್ನು ಇನ್ನೊಬ್ಬರಿಂದ ಪಡೆದವರು. ಹಿಂದೆ ಚಿಕಿತ್ಸೆ ಪಡೆದವರಲ್ಲೂ ಕೆಲವರಿಗೆ ಮೊದಲಿನಿಂದಲೇ ನಿರೋಧಕ ಟಿಬಿ ಇದ್ದು, ಪರೀಕ್ಷೆಯಾಗದೆ ಸಾಮಾನ್ಯ ಔಷಧ ಕೊಟ್ಟದ್ದರಿಂದಲೇ ಗುಣವಾಗದೆ ಉಳಿದಿರುತ್ತದೆ. ಅದನ್ನು ಅವರ ಅಶಿಸ್ತು ಎಂದು ಬರೆದುಕೊಂಡದ್ದು ನಮ್ಮ ವೃತ್ತಿಯವರ ಅನ್ಯಾಯ.

ದುರ್ಬಲತೆಯ ಬಗ್ಗೆ ಉಪನ್ಯಾಸಕಿಯವರು ಹೇಳಲಿ.

ಸೂಕ್ಷ್ಮಜೀವಿ ಶಾಸ್ತ್ರದ ಉಪನ್ಯಾಸಕಿ, ಹಾಸನ

ರಿಫಾಂಪಿಸಿನ್ ಹೋಗಿ ಕೂರುವುದು ರೋಗಾಣುವಿನ ಆರ್‌ಎನ್‌ಎ ಪಾಲಿಮರೇಸ್ ಎಂಬ ಕಿಣ್ವದ ಮೇಲೆ. ಆ ಕಿಣ್ವದ ಬೀಟಾ ಭಾಗಕ್ಕೆ ಸಂಬಂಧಿಸಿದ ಆರ್‌ಪಿಒಬಿ ಜೀನಿನಲ್ಲಿ ಕೇವಲ 81 ಬೇಸ್ ಜೋಡಿಗಳಷ್ಟು (ಡಿಎನ್‌ಎಯ 81 ಅಕ್ಷರಗಳೆನ್ನಿ) ಉದ್ದದ ಒಂದು ತುಣುಕಿದೆ, ರಿಫಾಂಪಿಸಿನ್ ನಿರೋಧಕತೆಗೆ ಕಾರಣವಾಗುವ ಬದಲಾವಣೆಗಳಲ್ಲಿ ಸುಮಾರು ಶೇ. 95ರಷ್ಟು ಅಲ್ಲಿಯೇ ಇರುತ್ತವೆ. ಎಲ್ಲಕ್ಕಿಂತ ಹೆಚ್ಚಾಗಿ ಕಾಣುವುದು, 450ನೆಯ ಸ್ಥಾನದಲ್ಲಿ ಸೀರಿನ್ ಎಂಬ ಅಮೈನೋ ಆಮ್ಲ ಇರಬೇಕಾದಲ್ಲಿ ಲ್ಯೂಸಿನ್ ಬಂದು ಕೂರುವುದು. ಅಷ್ಟಕ್ಕೇ ಔಷಧಕ್ಕೆ ಅಲ್ಲಿ ಅಂಟಿಕೊಳ್ಳಲು ಆಗದು.

ಪ್ರಾಣಾಧಾರವಾದ ಕಿಣ್ವವೊಂದು ಬದಲಾದರೆ ರೋಗಾಣುವಿಗೂ ಸ್ವಲ್ಪ ನಷ್ಟವಿದೆ, ಬೆಳೆಗಾರರು ಓದಿದ್ದು ಅದನ್ನೇ ಇರಬೇಕು. ಆದರೆ ಈ 450ರ ಬದಲಾವಣೆಯಿಂದಾಗುವ ನಷ್ಟ ಕಡಿಮೆ. ಜೊತೆಗೆ, ಅದೇ ಕಿಣ್ವದ ಇನ್ನೊಂದು ಭಾಗದ ಆರ್‌ಪಿಒಸಿ ಜೀನಿನಲ್ಲಿ ಮುಂದೆ ಮತ್ತೊಂದು ಬದಲಾವಣೆಯಾಗಿ ಕಳೆದುಕೊಂಡ ಶಕ್ತಿ ಮರಳಿ ಬರುವುದುಂಟು. ಅಂಥ ತಳಿಗಳು ಚೆನ್ನಾಗಿಯೇ ಹರಡುತ್ತವೆ.

ಪದವಿ ವಿದ್ಯಾರ್ಥಿ, ಹಾಸನ

ಮೇಡಂ, ನಮ್ಮ ಪಠ್ಯದಲ್ಲಿ ಬ್ಯಾಕ್ಟೀರಿಯಾಗಳು ಪ್ಲಾಸ್ಮಿಡ್ ಮೂಲಕ ಒಂದಕ್ಕೊಂದು ನಿರೋಧಕ ಜೀನುಗಳನ್ನು ಹಂಚಿಕೊಳ್ಳುತ್ತವೆ ಎಂದಿದೆ. ಟಿಬಿಯಲ್ಲೂ ಹಾಗೆಯೇ ಅಲ್ಲವೇ? ಆ ರೈಟರ್ ತೆಗೆದುಕೊಂಡ ಅಮಾಕ್ಸಿಸಿಲಿನ್‌ನಿಂದ ಹೊಟ್ಟೆಯಲ್ಲಿನ ಬ್ಯಾಕ್ಟೀರಿಯಾಗಳು ನಿರೋಧಕವಾಗಿ, ಅವುಗಳಿಂದ ಟಿಬಿ ರೋಗಾಣುವಿಗೆ ಬಂದಿರಬಹುದೇ?

ಸೂಕ್ಷ್ಮಜೀವಿ ಶಾಸ್ತ್ರದ ಉಪನ್ಯಾಸಕಿ, ಹಾಸನ

ಇಲ್ಲ. ಕ್ಷಯದ ರೋಗಾಣುವಿನಲ್ಲಿ ಅಂಥ ಕೊಡು ಕೊಳ್ಳುವಿಕೆ ಕಾಣುವುದಿಲ್ಲ. ಅದು ಪಡೆದುಕೊಳ್ಳುವ ನಿರೋಧಕತೆಯೆಲ್ಲ ಅದರದೇ ವರ್ಣತಂತುವಿನಲ್ಲಾದ ಬದಲಾವಣೆಗಳಿಂದ ಬಂದದ್ದು. ನಮಗೆ ಇದು ಸಮಾಧಾನದ ಸಂಗತಿ, ಏಕೆಂದರೆ ಎಲ್ಲಿ ಹುಡುಕಬೇಕು ಎಂಬುದು ಪರೀಕ್ಷೆಗಳಿಗೆ ಮೊದಲೇ ಗೊತ್ತಿರುತ್ತದೆ.

ಅಮಾಕ್ಸಿಸಿಲಿನ್ ಕೆಲಸ ಮಾಡದಿರುವುದು ಬೇರೆಯೇ ವಿಷಯ, ಅದು ಹುಟ್ಟಿನಿಂದಲೇ ಇರುವ ನಿರೋಧಕತೆ. ಈ ರೋಗಾಣುವಿನ ಕೋಶಭಿತ್ತಿಯಲ್ಲಿ ಮೈಕೋಲಿಕ್ ಆಮ್ಲವೆಂಬ ಉದ್ದುದ್ದನೆಯ ಕೊಬ್ಬಿನ ಸರಪಳಿಗಳಿದ್ದು, ಮೇಣ ಬಳಿದ ಬಟ್ಟೆಯ ಮೇಲೆ ನೀರು ನಿಲ್ಲದ ಹಾಗೆ ಅನೇಕ ಔಷಧಗಳು ಹೊರಗೇ ಉಳಿಯುತ್ತವೆ. ಕಷ್ಟಪಟ್ಟು ಒಳಹೊಕ್ಕ ಪೆನಿಸಿಲಿನ್ ಜಾತಿಯ ಔಷಧವನ್ನು ಬಿಎಲ್‌ಎಸಿ ಎಂಬ ಕಿಣ್ವ ಕತ್ತರಿಸಿ ಹಾಕುತ್ತದೆ. ಅಜಿತ್ರೋಮೈಸಿನ್ ಗುಂಪಿನ ಔಷಧಗಳು ರೈಬೋಸೋಮಿಗೆ ಅಂಟಿಕೊಂಡು ಕೆಲಸ ಮಾಡಬೇಕು, ಆದರೆ ಈ ರೋಗಾಣುವಿನ ಇನ್ನೊಂದು ಕಿಣ್ವ ಆ ಅಂಟುವ ಜಾಗದಲ್ಲಿ ಒಂದು ಮೀಥೈಲ್ ಗುಂಪನ್ನು ಕೂರಿಸಿಬಿಡುತ್ತದೆ. ಇವುಗಳ ಜೊತೆಗೆ, ಒಳಬಂದದ್ದನ್ನು ಹೊರಕ್ಕೆ ತಳ್ಳುವ ಪಂಪುಗಳೂ ಇವೆ. ಆ ರೈಟರ್ ನುಂಗಿದ ಎರಡು ಕೋರ್ಸುಗಳೂ ಟಿಬಿಗೆ ಏನನ್ನೂ ಮಾಡಿರಲಾರವು.

ಔಷಧ ಅಂಗಡಿ, ಅರಸೀಕೆರೆ

ನಾವು ಅಂಗಡಿಯವರು ಇದನ್ನು ಗಮನಿಸಬೇಕು. ಅಮಾಕ್ಸಿಸಿಲಿನ್ ಕೊಟ್ಟರೆ ಕಾಲಹರಣವಾಗುತ್ತದೆ, ಆದರೆ ಕೆಮ್ಮಿಗೆ ಲಿವೊಫ್ಲಾಕ್ಸಾಸಿನ್ ಕೊಟ್ಟರೆ ಅದಕ್ಕಿಂತ ದೊಡ್ಡ ಹಾನಿ. ಅದು ಟಿಬಿಯ ಮೇಲೂ ಕೆಲಸ ಮಾಡುವ ಔಷಧ. ಒಂದು ವಾರ ಒಂದನ್ನೇ ಕೊಟ್ಟರೆ ಕೆಮ್ಮು ಸ್ವಲ್ಪ ತಗ್ಗುತ್ತದೆ, ರೋಗ ಪತ್ತೆಯಾಗುವುದು ತಡವಾಗುತ್ತದೆ, ಮತ್ತು ಮೇಡಂ ಹೇಳಿದ ಲೆಕ್ಕದಂತೆ ಆ ಔಷಧಕ್ಕೆ ಬಗ್ಗದವು ಉಳಿದುಕೊಳ್ಳುತ್ತವೆ. ಲಿವೊಫ್ಲಾಕ್ಸಾಸಿನ್ ಮತ್ತು ಟಿಬಿಯ ಮುಖ್ಯ ಔಷಧಗಳು 2014ರಿಂದ ಎಚ್1 ಅನುಸೂಚಿಯಲ್ಲಿವೆ. ವೈದ್ಯರ ಚೀಟಿ ಇಲ್ಲದೆ ಕೊಡುವಂತಿಲ್ಲ, ರೋಗಿಯ ಹೆಸರು, ಬರೆದ ವೈದ್ಯರ ಹೆಸರು, ಕೊಟ್ಟ ಪ್ರಮಾಣ ಎಲ್ಲವನ್ನೂ ಪ್ರತ್ಯೇಕ ಪುಸ್ತಕದಲ್ಲಿ ಬರೆದು ಮೂರು ವರ್ಷ ಇಟ್ಟುಕೊಳ್ಳಬೇಕು. ಗಿರಾಕಿ ಬೇಸರ ಮಾಡಿಕೊಂಡು ಪಕ್ಕದ ಅಂಗಡಿಗೆ ಹೋದರೂ ಪರವಾಗಿಲ್ಲ, ಎರಡು ವಾರ ಮೀರಿದ ಕೆಮ್ಮಿಗೆ ಕಫ ಪರೀಕ್ಷೆ ಮಾಡಿಸಿ ಎಂದೇ ನಾನು ಹೇಳುವುದು.

ಬೆಳೆಗಾರ, ಬೇಲೂರು

ಅಂಗಡಿಯವರಿಗೆ ನಮಸ್ಕಾರ. ಈ ವಿಷಯ ನನಗೆ ಹೊಸದು.

ಪ್ರಯೋಗಾಲಯ ತಂತ್ರಜ್ಞ, ಹಾಸನ

ಪರೀಕ್ಷೆಯ ಕಡೆಯಿಂದ ಒಂದೆರಡು ಮಾತು. ಸಿಬಿನ್ಯಾಟ್ ಯಂತ್ರ ಸುಮಾರು ಎರಡು ಗಂಟೆಯಲ್ಲಿ ಎರಡು ವಿಷಯ ಹೇಳುತ್ತದೆ: ಕಫದಲ್ಲಿ ಕ್ಷಯದ ರೋಗಾಣು ಇದೆಯೇ, ಇದ್ದರೆ ಆ 81 ಬೇಸ್ ಜೋಡಿಗಳ ತುಣುಕು ಬದಲಾಗಿದೆಯೇ. ನಮ್ಮ ದೇಶದಲ್ಲೇ ತಯಾರಾದ ಟ್ರೂನಾಟ್ ಕೂಡ ಇದೇ ಕೆಲಸ ಮಾಡುತ್ತದೆ, ಅದು ಬ್ಯಾಟರಿಯಲ್ಲಿ ನಡೆಯುವುದರಿಂದ ಕರೆಂಟು ಕೈಕೊಡುವ ಕಡೆಗಳಿಗೆ ಅನುಕೂಲ. ಆದರೆ ಐಸೋನಿಯಾಜಿಡ್ ವಿಷಯವನ್ನು ಸಾಮಾನ್ಯ ಸಿಬಿನ್ಯಾಟ್ ಹೇಳುವುದಿಲ್ಲ. ಅದಕ್ಕೆ ಲೈನ್ ಪ್ರೋಬ್ ಪರೀಕ್ಷೆ ಬೇಕು.

ಆ ಪರೀಕ್ಷೆಯ ಫಲಿತಾಂಶ ಮೂಡುವ ಪಟ್ಟಿಯನ್ನು ಕೈಯಲ್ಲಿ ಹಿಡಿದು ನೋಡಿದವರಿಗೆ ನಿರೋಧಕತೆ ಎಂದರೇನೆಂದು ಬೇರೆ ವಿವರಿಸಬೇಕಾಗಿಲ್ಲ. ಬೆರಳಿಗಿಂತ ಸಣ್ಣ ಅಗಲದ ಬಿಳಿ ಪಟ್ಟಿ, ಅದರ ಮೇಲೆ ಅಡ್ಡಡ್ಡಲಾಗಿ ನೇರಳೆ ಕಂದು ಬಣ್ಣದ ಗೆರೆಗಳು ಮೂಡುತ್ತವೆ. ಮೇಲಿನ ಗೆರೆಗಳು ಪರೀಕ್ಷೆ ಸರಿಯಾಗಿ ನಡೆದಿದೆ ಎಂಬುದಕ್ಕೆ. ಕೆಳಗೆ ಆರ್‌ಪಿಒಬಿ, ಕ್ಯಾಟ್‌ಜಿ, ಐಎನ್‌ಎಚ್‌ಎ ಎಂಬ ಮೂರು ಜೀನುಗಳ ಗುಂಪುಗಳಿರುತ್ತವೆ, ಮೊದಲನೆಯದು ರಿಫಾಂಪಿಸಿನ್ ವಿಷಯಕ್ಕೆ, ಉಳಿದೆರಡು ಐಸೋನಿಯಾಜಿಡ್ ವಿಷಯಕ್ಕೆ. ಜೀನು ಮೂಲರೂಪದಲ್ಲೇ ಇದ್ದರೆ ಅದರ ಮೂಲರೂಪದ ಗೆರೆಗಳೆಲ್ಲ ಕಾಣುತ್ತವೆ. ಬದಲಾಗಿದ್ದರೆ ಅವುಗಳಲ್ಲಿ ಒಂದು ಗೆರೆ ಮೂಡದೆ ಆ ಜಾಗ ಖಾಲಿ ಉಳಿಯುತ್ತದೆ, ಎಷ್ಟೋ ಸಲ ಅದರ ಕೆಳಗೆ ಬದಲಾದ ರೂಪದ ಗೆರೆಯೊಂದು ಎದ್ದು ಕಾಣುತ್ತದೆ. ಪಟ್ಟಿಯನ್ನು ಮಾದರಿ ಹಾಳೆಯ ಪಕ್ಕದಲ್ಲಿಟ್ಟು ಗೆರೆಗಳನ್ನು ಒಂದೊಂದಾಗಿ ಹೊಂದಿಸಿ ನೋಡುವಾಗ, ಇರಬೇಕಾದ ಗೆರೆ ಇಲ್ಲದ್ದು ಕಂಡರೆ ಇಂದಿಗೂ ನನಗೆ ಸಂಕಟವಾಗುತ್ತದೆ.

ಶಿಕ್ಷಕಿಯವರೇ, ಆ ರೈಟರ್ ಅವರ ಕಫದ ಎರಡನೆಯ ಮಾದರಿಯನ್ನು ಕೇಳಿರಬೇಕಲ್ಲವೇ? ಮಾದರಿಯಲ್ಲಿ ರೋಗಾಣುಗಳು ತೀರಾ ಕಡಿಮೆ ಇದ್ದರೆ ಯಂತ್ರವು ನಿರೋಧಕತೆ ಇಲ್ಲದೆಯೂ ಇದೆ ಎನ್ನುವ ಸಾಧ್ಯತೆ ಉಂಟು. ಹಿಂದೆ ಔಷಧ ತೆಗೆದುಕೊಂಡಿಲ್ಲದವರಲ್ಲಿ ಮರುಪರೀಕ್ಷೆ ಮಾಡಿ ಖಚಿತಪಡಿಸಿಕೊಳ್ಳುವುದು ಅದಕ್ಕಾಗಿಯೇ.

ಶಿಕ್ಷಕಿ, ಸಕಲೇಶಪುರ

ಹೌದು ಸರ್, ಎರಡನೆಯ ಡಬ್ಬಿಯನ್ನೂ ಕೊಟ್ಟಿದ್ದಾರೆ. ಅದೇ ಫಲಿತಾಂಶ ಬಂದಿದೆ. ಉಳಿದ ವರದಿಗಳಿಗೆ ಕಾಯುತ್ತಿದ್ದಾರೆ. ಐಸೋನಿಯಾಜಿಡ್‌ಗೂ ನಿರೋಧಕತೆ ಇದೆಯೇ ಎಂಬುದು ಅಷ್ಟು ಮುಖ್ಯವೇ? ಹೇಗೂ ಔಷಧ ಬದಲಿಸುತ್ತಾರಲ್ಲ.

ನಿವೃತ್ತ ವೈದ್ಯ, ಹೊಳೆನರಸೀಪುರ

ಮುಖ್ಯ ತಾಯಿ. ಐಸೋನಿಯಾಜಿಡ್ ತಾನಾಗಿ ಏನನ್ನೂ ಕೊಲ್ಲುವುದಿಲ್ಲ. ರೋಗಾಣುವಿನದೇ ಕ್ಯಾಟ್‌ಜಿ ಕಿಣ್ವ ಅದನ್ನು ಚುರುಕುಗೊಳಿಸಿದ ಮೇಲೆಯೇ ಅದು ಕೋಶಭಿತ್ತಿಯ ತಯಾರಿಯನ್ನು ತಡೆಯುತ್ತದೆ. ಕ್ಯಾಟ್‌ಜಿಯ 315ನೆಯ ಸ್ಥಾನ ಬದಲಾದರೆ ಔಷಧ ಚುರುಕಾಗುವುದೇ ಇಲ್ಲ, ಆಗ ನಿರೋಧಕತೆ ಗಟ್ಟಿಯಾದದ್ದು. ಐಎನ್‌ಎಚ್‌ಎ ಕಡೆ ಮಾತ್ರ ಬದಲಾವಣೆಯಿದ್ದರೆ ನಿರೋಧಕತೆ ಅಷ್ಟು ಗಟ್ಟಿಯಲ್ಲ, ಅಂಥವರಲ್ಲಿ ಹೆಚ್ಚಿನ ಪ್ರಮಾಣದ ಐಸೋನಿಯಾಜಿಡ್ ಉಪಯೋಗಕ್ಕೆ ಬರಬಹುದು. ರಿಫಾಂಪಿಸಿನ್ ಸರಿಯಾಗಿದ್ದು ಐಸೋನಿಯಾಜಿಡ್ ಒಂದೇ ಕೆಲಸ ಮಾಡದವರಿಗೆ ಚಿಕಿತ್ಸೆಯೇ ಬೇರೆ: ಲಿವೊಫ್ಲಾಕ್ಸಾಸಿನ್ ಸೇರಿಸಿದ ಆರು ತಿಂಗಳ ಕ್ರಮ. ಇದು ತಿಳಿಯದೆ ಸಾಮಾನ್ಯ ಮಾತ್ರೆಗಳನ್ನೇ ಕೊಡುತ್ತಾ ಹೋದರೆ, ಕೊನೆಯ ನಾಲ್ಕು ತಿಂಗಳು ರಿಫಾಂಪಿಸಿನ್ ಹೆಚ್ಚುಕಡಿಮೆ ಒಂಟಿಯಾಗಿ ಹೋರಾಡಬೇಕಾಗುತ್ತದೆ, ಅಲ್ಲಿಂದ ಎಂಡಿಆರ್‌ಗೆ ದೂರವಿಲ್ಲ.

ಒಂಟಿ ಔಷಧದ ಪಾಠ ವೈದ್ಯಲೋಕಕ್ಕೆ ಬಹಳ ಹಿಂದೆಯೇ ಸಿಕ್ಕಿದೆ. 1948ರಲ್ಲಿ ಪ್ರಕಟವಾದ ಬ್ರಿಟನ್ನಿನ ಸ್ಟ್ರೆಪ್ಟೊಮೈಸಿನ್ ಪ್ರಯೋಗದಲ್ಲಿ ಔಷಧ ಪಡೆದ 55 ಜನರಲ್ಲಿ ಆರು ತಿಂಗಳೊಳಗೆ ಸತ್ತವರು 4, ಬರಿಯ ಹಾಸಿಗೆ ವಿಶ್ರಾಂತಿಯಲ್ಲಿದ್ದ 52 ಜನರಲ್ಲಿ 14. ಎಲ್ಲರೂ ಸಂಭ್ರಮಿಸಿದರು. ಆದರೆ ಔಷಧ ಪಡೆದ ಅನೇಕರಲ್ಲಿ ಕೆಲವೇ ತಿಂಗಳಲ್ಲಿ ನಿರೋಧಕ ರೋಗಾಣುಗಳು ಕಾಣಿಸಿಕೊಂಡು, ಬಂದ ಗುಣ ನಿಲ್ಲಲಿಲ್ಲ. ಪಿಎಎಸ್ ಎಂಬ ಎರಡನೆಯ ಔಷಧವನ್ನು ಜೊತೆಗೆ ಕೊಟ್ಟ ಮೇಲೆಯೇ ಅದು ಹಿಡಿತಕ್ಕೆ ಬಂದದ್ದು. ಗಮನಿಸಿ, ಆ ರೋಗಿಗಳು ಆಸ್ಪತ್ರೆಯ ಹಾಸಿಗೆಯಲ್ಲೇ ಇದ್ದವರು, ಒಂದು ಸೂಜಿಮದ್ದನ್ನೂ ಅಶಿಸ್ತಿನಿಂದ ತಪ್ಪಿಸಿದವರಲ್ಲ.

ಹೈನುಗಾರ, ಚನ್ನರಾಯಪಟ್ಟಣ

ಸ್ವಲ್ಪ ಪಕ್ಕದ ಪ್ರಶ್ನೆ, ಕ್ಷಮಿಸಿ. ಹಸುವಿಗೂ ಟಿಬಿ ಬರುತ್ತದೆ, ಹಾಲಿನಿಂದ ಮನುಷ್ಯರಿಗೆ ಹರಡುತ್ತದೆ ಎನ್ನುತ್ತಾರೆ. ಆ ರೋಗಾಣುವೂ ಈ ಔಷಧಗಳಿಗೆ ಬಗ್ಗುತ್ತದೆಯೇ?

ಸೂಕ್ಷ್ಮಜೀವಿ ಶಾಸ್ತ್ರದ ಉಪನ್ಯಾಸಕಿ, ಹಾಸನ

ಪಕ್ಕದ ಪ್ರಶ್ನೆಯಲ್ಲ, ಇಲ್ಲಿಗೆ ಸಲ್ಲುವಂಥದ್ದೇ. ದನಗಳ ಕ್ಷಯದ ಮೈಕೋಬ್ಯಾಕ್ಟೀರಿಯಂ ಬೋವಿಸ್ ಹುಟ್ಟಿನಿಂದಲೇ, ಟಿಬಿಯ ಆ ನಾಲ್ಕು ಔಷಧಗಳಲ್ಲಿ ಒಂದಾದ ಪೈರಜಿನಮೈಡ್‌ಗೆ ಬಗ್ಗದು. ಆ ಔಷಧವನ್ನು ಚುರುಕುಗೊಳಿಸಲು ಪಿಎನ್‌ಸಿಎ ಜೀನಿನ ಕಿಣ್ವ ಬೇಕು, ಬೋವಿಸ್‌ನಲ್ಲಿ ಆ ಜೀನಿನ ಒಂದು ಸ್ಥಾನ ಬದಲಾಗಿರುವುದರಿಂದ ಕಿಣ್ವ ನಿಷ್ಕ್ರಿಯ. ಮನುಷ್ಯರ ಕ್ಷಯದಲ್ಲೂ ಪೈರಜಿನಮೈಡ್ ನಿರೋಧಕತೆ ಬಹುತೇಕ ಇದೇ ಜೀನಿನ ಬದಲಾವಣೆಯಿಂದಲೇ ಬರುವುದು. ಹಾಲನ್ನು ಚೆನ್ನಾಗಿ ಕಾಯಿಸಿ ಕುಡಿದರೆ ಬೋವಿಸ್ ಸಾಯುತ್ತದೆ.

ಪದವಿ ವಿದ್ಯಾರ್ಥಿ, ಹಾಸನ

ಕೆಲವು ರೋಗಾಣುಗಳು ಮಲಗಿಬಿಡುತ್ತವೆ, ಅವು ನಿರೋಧಕ, ಆದ್ದರಿಂದಲೇ ಆರು ತಿಂಗಳು ಮಾತ್ರೆ ಎಂದು ಇನ್ನೊಂದು ಕಡೆ ಓದಿದೆ. ಅದೂ ಇದೇ ವಿಷಯವೇ?

ಸೂಕ್ಷ್ಮಜೀವಿ ಶಾಸ್ತ್ರದ ಉಪನ್ಯಾಸಕಿ, ಹಾಸನ

ಅಲ್ಲ, ಅವೆರಡನ್ನೂ ಬೆರೆಸಬಾರದು. ಆಮ್ಲಜನಕ ಕಡಿಮೆ ಇರುವ ಕಡೆ ಬೆಳವಣಿಗೆ ನಿಲ್ಲಿಸಿ ಕುಳಿತ ರೋಗಾಣುವಿನ ಜೀನು ಬದಲಾಗಿರುವುದಿಲ್ಲ. ಐಸೋನಿಯಾಜಿಡ್ ಬೆಳೆಯುತ್ತಿರುವ ರೋಗಾಣುವನ್ನು ಕೊಲ್ಲುವ ಔಷಧವಾದ್ದರಿಂದ ಇವು ಸದ್ಯಕ್ಕೆ ಪಾರಾಗುತ್ತವೆ. ಮತ್ತೆ ಬೆಳೆಯತೊಡಗಿದರೆ ಅದೇ ಔಷಧಕ್ಕೆ ಸಾಯುತ್ತವೆ. ಇದು ತಾತ್ಕಾಲಿಕ ಸಹಿಷ್ಣುತೆ. ನಿರೋಧಕತೆಯಾದರೆ ರೋಗಾಣುವಿನ ಸಂತಾನಕ್ಕೂ ಹೋಗುತ್ತದೆ. ಚಿಕಿತ್ಸೆ ಆರು ತಿಂಗಳು ಎಳೆಯುವುದು ಬಹುಮಟ್ಟಿಗೆ ಇಂಥ ಮಲಗಿದವುಗಳಿಂದಾಗಿ, ನಾಲ್ಕು ಔಷಧ ಕೊಡುವುದು ನಿರೋಧಕವಾದವುಗಳಿಂದಾಗಿ.

ಆಶಾ ಕಾರ್ಯಕರ್ತೆ, ಹೆತ್ತೂರು ಹೋಬಳಿ

ಬೆಳೆಗಾರ ಅಣ್ಣನವರಿಗೆ ಗೌರವದಿಂದಲೇ ಒಂದು ಮಾತು. ಮಾತ್ರೆ ಬಿಡುವವರು ಇದ್ದಾರೆ, ಇಲ್ಲವೆನ್ನುವುದಿಲ್ಲ. ಆದರೆ ಅವರು ಯಾಕೆ ಬಿಡುತ್ತಾರೆ ಎಂಬುದನ್ನು ಮನೆಯ ಒಳಗೆ ಹೋಗಿ ನೋಡಿದವಳು ನಾನು. ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ತೂಕಕ್ಕೆ ತಕ್ಕಂತೆ ಮೂರೋ ನಾಲ್ಕೋ ದೊಡ್ಡ ಮಾತ್ರೆ ನುಂಗಿ, ಓಕರಿಕೆ ಬರುತ್ತಿರುವಾಗಲೇ ಕೊಯ್ಲಿಗೆ ಹೊರಡಬೇಕು. ಮೂತ್ರ ಕಿತ್ತಳೆ ಬಣ್ಣಕ್ಕೆ ತಿರುಗಿದ್ದು ರಿಫಾಂಪಿಸಿನ್‌ನಿಂದ, ಭಯಪಡಬೇಡಿ ಎಂದು ಯಾರೂ ಮೊದಲೇ ಹೇಳಿರುವುದಿಲ್ಲ, ರಕ್ತ ಹೋಗುತ್ತಿದೆ ಎಂದು ಹೆದರಿ ಬಿಟ್ಟವರಿದ್ದಾರೆ. ಆಸ್ಪತ್ರೆಗೆ ಹೋದ ದಿನದ ಕೂಲಿ ಹೋಗುತ್ತದೆ. ಮಾತ್ರೆ ಸಕಾಲಕ್ಕೆ ಬಾರದ ವಾರಗಳನ್ನೂ ನೋಡಿದ್ದೇನೆ, ಆಗ ಖಾಲಿ ಕೈಯಲ್ಲಿ ಅವರ ಮುಂದೆ ನಿಲ್ಲುವುದು ನಾನು. ಟಿಬಿ ರೋಗಿಗಳ ಪೌಷ್ಟಿಕ ಆಹಾರಕ್ಕೆಂದು ಸರ್ಕಾರ ಕೊಡುವ ನಿಕ್ಷಯ್ ಪೋಷಣ್ ಯೋಜನೆಯ ತಿಂಗಳ ಹಣ 2024ರ ನವೆಂಬರಿನಿಂದ 500ರ ಬದಲು 1000 ರೂಪಾಯಿ ಆಗಿದೆ, ಅದು ಹೊತ್ತಿಗೆ ಸರಿಯಾಗಿ ಬಂದರೆ ಮೊಟ್ಟೆ, ಬೇಳೆಗೆ ಆಗುತ್ತದೆ.

ಇನ್ನು ಲೈನ್ ಮನೆಗಳು. ಮಲೆನಾಡಿನ ಮಳೆಗೆ ಹೆದರಿ ಎಲ್ಲ ಕಿಟಕಿಗಳನ್ನೂ ತಿಂಗಳುಗಟ್ಟಲೆ ಮುಚ್ಚಿಟ್ಟು, ಒಂದೇ ಕೋಣೆಯಲ್ಲಿ ಐದಾರು ಜನ ಮಲಗುತ್ತಾರೆ. ಅಲ್ಲಿ ಒಬ್ಬರು ಕೆಮ್ಮಿದರೆ ಸಾಕು. ಮಾಲೀಕರು ಮೇಲ್ಭಾಗದಲ್ಲಿ ಗಾಳಿ ಆಡುವ ಕಿಂಡಿ ಬಿಡಿಸಬಹುದು, ಪರೀಕ್ಷೆಗೆ ಹೋದ ದಿನದ ಕೂಲಿ ಕೊಡಬಹುದು. ಇದು ತೋಟದವರ ಕೈಯಲ್ಲೇ ಇದೆ.

ಬೆಳೆಗಾರ, ಬೇಲೂರು

ತಂಗಿ, ಕಿಂಡಿಯ ಮಾತು ಮನಸ್ಸಿಗೆ ಹಿಡಿಸಿತು, ಈ ಬೇಸಿಗೆಯಲ್ಲೇ ನಮ್ಮ ಲೈನಿನಲ್ಲಿ ಬಿಡಿಸುತ್ತೇನೆ. ಕೂಲಿಯ ಮಾತನ್ನೂ ಬೆಳೆಗಾರರ ಸಭೆಯಲ್ಲಿ ಇಡುತ್ತೇನೆ. ಆದರೆ ಒಂದು ಪ್ರಶ್ನೆ ಉಳಿಯಿತು. ಕೊಯ್ಲಿಗೆ ಅಸ್ಸಾಮಿನಿಂದ ಬಂದವರು ಫೆಬ್ರವರಿ ಮುಗಿಯುತ್ತಿದ್ದಂತೆ ಹೊರಟುಹೋಗುತ್ತಾರೆ. ಅವರ ಚಿಕಿತ್ಸೆ ಅರ್ಧದಲ್ಲಿದ್ದರೆ?

ಪ್ರಯೋಗಾಲಯ ತಂತ್ರಜ್ಞ, ಹಾಸನ

ನಿಕ್ಷಯ್‌ನಲ್ಲಿ, ಅಂದರೆ ಸರ್ಕಾರದ ಟಿಬಿ ದಾಖಲೆ ವ್ಯವಸ್ಥೆಯಲ್ಲಿ, ಅವರ ಸಂಖ್ಯೆ ಇರುತ್ತದೆ. ಹೊರಡುವ ಮುಂಚೆ ತಿಳಿಸಿದರೆ ಅವರು ಹೋಗುವ ಊರಿನ ಆರೋಗ್ಯ ಕೇಂದ್ರಕ್ಕೆ ದಾಖಲೆಯನ್ನು ವರ್ಗಾಯಿಸುತ್ತಾರೆ. ಲೆಕ್ಕ ಚುಕ್ತಾ ಮಾಡುವ ದಿನವೇ ರೈಟರ್‌ಗಳು ಆ ಸಂಖ್ಯೆ ಬರೆದಿರುವ ಕಾಗದವನ್ನು ಅವರ ಕೈಗೆ ಕೊಟ್ಟು ಕಳುಹಿಸಲಿ.

ಶಿಕ್ಷಕಿ, ಸಕಲೇಶಪುರ

ಇಷ್ಟೆಲ್ಲ ಬರೆದ ಎಲ್ಲರಿಗೂ ಕೃತಜ್ಞತೆಗಳು. ಕೊನೆಯದಾಗಿ ಎರಡು ಪ್ರಶ್ನೆ ಅವರ ಹೆಂಡತಿಯದು: ಎಷ್ಟು ದಿನದ ಚಿಕಿತ್ಸೆ, ಮತ್ತು ಮಕ್ಕಳಿಗೆ ಏನು ಮಾಡಬೇಕು?

ನಿವೃತ್ತ ವೈದ್ಯ, ಹೊಳೆನರಸೀಪುರ

ಹಿಂದೆ ಇಂಥವರಿಗೆ ಒಂದೂವರೆ ವರ್ಷಕ್ಕೂ ಮೀರಿದ ಚಿಕಿತ್ಸೆ, ಜೊತೆಗೆ ಕಿವಿಯನ್ನೇ ಕೆಡಿಸಬಲ್ಲ ಸೂಜಿಮದ್ದು ಇತ್ತು. ಈಗ ಬೆಡಾಕ್ವಿಲಿನ್, ಪ್ರೆಟೊಮಾನಿಡ್, ಲಿನೆಜೊಲಿಡ್, ಮಾಕ್ಸಿಫ್ಲಾಕ್ಸಾಸಿನ್ ಎಂಬ ನಾಲ್ಕು ಮಾತ್ರೆಗಳ 26 ವಾರಗಳ ಕ್ರಮವಿದೆ, ಕೆಲವರಿಗೆ 39 ವಾರಗಳವರೆಗೆ ವಿಸ್ತರಿಸುತ್ತಾರೆ. ನಮ್ಮ ದೇಶ ಅದಕ್ಕೆ 2024ರಲ್ಲಿ ಒಪ್ಪಿಗೆ ಕೊಟ್ಟಿದೆ. ಯಾರಿಗೆ ಹೊಂದುತ್ತದೆ ಎಂಬುದನ್ನು ಉಳಿದ ವರದಿಗಳು ಬಂದ ಮೇಲೆ ಅಲ್ಲಿನ ವೈದ್ಯರೇ ನಿರ್ಧರಿಸುತ್ತಾರೆ. ಲಿನೆಜೊಲಿಡ್‌ನಿಂದ ರಕ್ತ ಕಡಿಮೆಯಾಗುವುದು, ಪಾದ ಜೋಮು ಹಿಡಿಯುವುದು ಉಂಟು, ಬೆಡಾಕ್ವಿಲಿನ್‌ಗೆ ಇಸಿಜಿ ಮಾಡಿಸುತ್ತಿರಬೇಕು. ತೊಂದರೆಯಾದರೆ ಹೇಳಬೇಕೇ ಹೊರತು ತಾವಾಗಿ ಒಂದು ಮಾತ್ರೆಯನ್ನೂ ಬಿಡಬಾರದು, ಏಕೆಂದರೆ ಬೆಡಾಕ್ವಿಲಿನ್‌ಗೂ ಈಗಾಗಲೇ ನಿರೋಧಕತೆ ಕಾಣತೊಡಗಿದೆ.

ಮನೆಯವರೆಲ್ಲರೂ ಮೊದಲು ಪರೀಕ್ಷೆ ಮಾಡಿಸಿಕೊಳ್ಳಲಿ. ರೋಗವಿಲ್ಲ ಎಂದು ಖಚಿತವಾದವರಿಗೆ ಆರು ತಿಂಗಳ ಲಿವೊಫ್ಲಾಕ್ಸಾಸಿನ್ ತಡೆ ಚಿಕಿತ್ಸೆಯನ್ನು ವಿಶ್ವ ಆರೋಗ್ಯ ಸಂಸ್ಥೆ 2024ರಲ್ಲಿ ಶಿಫಾರಸು ಮಾಡಿದೆ. ರೋಗಾಣು ಆ ಗುಂಪಿನ ಔಷಧಕ್ಕೂ ನಿರೋಧಕವಾಗಿದ್ದರೆ ಅದು ಸಲ್ಲದು, ಹಾಗಾಗಿ ರೈಟರ್ ಅವರ ಉಳಿದ ವರದಿಗಳು ಬಂದ ಕೂಡಲೇ ಮಕ್ಕಳನ್ನು ಕರೆದುಕೊಂಡು ಅದೇ ವೈದ್ಯರನ್ನು ಕಾಣಲು ಹೇಳಿ.

ಶಿಕ್ಷಕಿ, ಸಕಲೇಶಪುರ

ಖಂಡಿತ ಹೇಳುತ್ತೇನೆ ಡಾಕ್ಟರೇ. ಭಾನುವಾರ ಅವರ ಮನೆಗೆ ಹೋಗುತ್ತಿದ್ದೇನೆ, ಪಕ್ಕದ ಮನೆಗಳವರನ್ನೂ ಅಲ್ಲಿಗೇ ಕರೆಸಿ ಉಪನ್ಯಾಸಕಿ ಮೇಡಂ ಬರೆದದ್ದನ್ನು ಎಲ್ಲರ ಎದುರಿಗೇ ಓದುತ್ತೇನೆ.